ಸಮುದ್ರ ತುಂಬಿ ಮಾಡಿದ ಸೈಟು ಯಾರ ಖಾತೆಗೆ ಹೋಯಿತು?

ಕಳೆದ ತಿಂಗಳು ಮೈಸೂರಿನ ಓದುಗರೊಬ್ಬರು 'ಟರ್ಕಿಗೆ ಪ್ರವಾಸ ಹೊರಟಿದ್ದೀನಿ, ಇಜ್ಮಿರ್ ಊರಲ್ಲಿ ಏನು ನೋಡಬೇಕು?' ಅಂತ ಕೇಳಿದ್ದರು. ನಾನು ಎರಡೇ ಸಾಲಲ್ಲಿ ಉತ್ತರ ಮುಗಿಸಿದ್ದೆ. 'ಸಂಜೆ ಹೊತ್ತು ಕೋರ್ಡೋನ್ ರಸ್ತೆಯಲ್ಲಿ ನಡೆಯಿರಿ. ನೂರೈವತ್ತು ವರ್ಷಕ್ಕೂ ಹಿಂದೆ ಅದು ರಸ್ತೆಯಲ್ಲ, ಸಮುದ್ರ. ತುಂಬಿಸಿ ಊರು ಮಾಡಿದರು' ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯವರಿಗೆ ಸಮುದ್ರ ದೂರ ನಿಜ, ಆದರೆ 'ನೀರು ತುಂಬಿಸಿ ಸೈಟು ಮಾಡಿದರು' ಅಂದರೆ ಸಾಕು, ಎಲ್ಲರ ಕಿವಿ ನೆಟ್ಟಗಾಗುತ್ತೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳೆಲ್ಲ ಮುಂದಕ್ಕೆ. ಬರೀ ಇದೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹಡಗು ಬಂದು ಒರಗಿ ನಿಲ್ಲುವ ಹಾಗೆ ದಡದುದ್ದಕ್ಕೂ ಕಟ್ಟುವ ಕಲ್ಲಿನ ಕಟ್ಟೆಗೆ ಮಂಗಳೂರು ಕಡೆಯವರು ದಕ್ಕೆ ಅಂತಾರೆ. ನಾನೂ ಅದೇ ಪದ ಬಳಸ್ತೀನಿ.

ಟಿಪ್ಪು ಸುಲ್ತಾನ್ ಟರ್ಕಿಯ ಸುಲ್ತಾನನ ಹತ್ತಿರ ಬಂದರು ಕೇಳಿದ್ದ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ದರು. ನಿಜವಾ ಸರ್? ಆಗ ಆ ಬಂದರುಗಳು ಹೇಗಿದ್ದವು?
– ಶ್ರೀರಂಗಪಟ್ಟಣದಿಂದ ಒಬ್ಬರು

ನಿಮ್ಮ ಮೇಷ್ಟ್ರು ಸರಿಯಾಗೇ ಹೇಳಿದ್ದಾರೆ. 1786ರಲ್ಲಿ ನಿಮ್ಮೂರಿಂದಲೇ ಟಿಪ್ಪು ಒಂದು ದೊಡ್ಡ ನಿಯೋಗ ಕಳಿಸಿದ. ಅವರು ಹಡಗಲ್ಲಿ ಮಸ್ಕತ್‌ಗೆ ಹೋಗಿ, ಅಲ್ಲಿಂದ ಬಸ್ರಾ, ಬಾಗ್ದಾದ್ ದಾಟಿಕೊಂಡು 1787ರಲ್ಲಿ ಇಸ್ತಾಂಬುಲ್ ಸೇರಿದರು. ಆಗ ಅಲ್ಲಿ ಮೊದಲನೇ ಅಬ್ದುಲ್ ಹಮೀದ್ ಸುಲ್ತಾನ. ಬಸ್ರಾ ಬಂದರನ್ನು ನಮ್ಮ ವ್ಯಾಪಾರಕ್ಕೆ ಬಿಟ್ಟುಕೊಡಿ, ಬದಲಿಗೆ ಮಂಗಳೂರಲ್ಲಿ ನಿಮಗೆ ಅವಕಾಶ ಕೊಡ್ತೀವಿ ಅನ್ನೋದು ಮೈಸೂರಿನ ಬೇಡಿಕೆ. ಮರ್ಯಾದೆ ಸಿಕ್ಕಿತು, ಉಡುಗೊರೆ ಸಿಕ್ಕಿತು, ಬಂದರು ಸಿಗಲಿಲ್ಲ. ಹೋದವರಲ್ಲಿ ಬಹಳ ಜನ ದಾರಿಯಲ್ಲೂ ಅಲ್ಲೂ ಕಾಯಿಲೆಗೆ ಸತ್ತರು.

ಆಗಿನ ಬಂದರು ಅಂದರೆ ಕ್ರೇನು, ಕಟ್ಟೆ ಎಲ್ಲ ಕಣ್ಣಮುಂದೆ ತಂದುಕೊಳ್ಳಬೇಡಿ. ಅಲೆ ಕಡಿಮೆ ಇರುವ ಒಂದು ಕೊಲ್ಲಿ, ಅಷ್ಟೇ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು, ಸಣ್ಣ ದೋಣಿಗಳು ಹೋಗಿ ಸರಕು ಇಳಿಸಿಕೊಂಡು ಬರುತ್ತಿದ್ದವು. ಇಜ್ಮಿರ್‌ನಲ್ಲಿ (ಯುರೋಪಿನವರು ಸ್ಮಿರ್ನಾ ಅನ್ನುತ್ತಿದ್ದರು) ದಡ ಅಂಕುಡೊಂಕು. ದೊಡ್ಡ ವ್ಯಾಪಾರಿಯ ಮನೆ ಮುಂಬಾಗಿಲು ಬೀದಿಗೆ, ಹಿಂಬಾಗಿಲು ನೀರಿಗೆ. ಹಿಂಬಾಗಿಲಿಗೆ ಅವರವರದೇ ಮರದ ಅಟ್ಟಣೆ. ರಾತ್ರಿ ದೋಣಿ ಬಂದು ನಿಂತರೆ ಯಾವ ಮೂಟೆ ಒಳಗೆ ಹೋಯಿತು, ಯಾವುದು ಹೊರಗೆ ಬಂತು ಅಂತ ಸುಂಕದವನಿಗೆ ಗೊತ್ತಾಗೋದಾದರೂ ಹೇಗೆ? ಇದನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1838ರಲ್ಲಿ ಇಂಗ್ಲಿಷರ ಜೊತೆ ಒಪ್ಪಂದವಾಗಿ ಆಟೊಮನ್ (ಅಂದರೆ ಟರ್ಕಿ ಸುಲ್ತಾನನ ಸಾಮ್ರಾಜ್ಯದ) ಪೇಟೆ ಹೊರಗಿನವರಿಗೆ ಪೂರ್ತಿ ತೆರೆಯಿತು. ಹಿಂದೆಯೇ ಉಗಿಹಡಗು ಬಂತು. 1866ಕ್ಕೆ ಇಜ್ಮಿರ್‌ನಿಂದ ಐದಿನ್‌ಗೆ ರೈಲು ಬಂತು. ಒಳನಾಡಿನ ಅಂಜೂರ, ಒಣದ್ರಾಕ್ಷಿ, ಹತ್ತಿ ಎಲ್ಲ ದಡಕ್ಕೆ ಬಂದು ರಾಶಿ ಬೀಳತೊಡಗಿತು. ನಿಮ್ಮ ಗಂಜಾಂ ಅಂಜೂರ ಹೇಗೋ ಹಾಗೆ ಸ್ಮಿರ್ನಾ ಅಂಜೂರ, ಆದರೆ ಅವರದು ಪೆಟ್ಟಿಗೆ ತುಂಬಿ ಲಂಡನ್‌ಗೆ ಹೋಗುತ್ತಿತ್ತು. ಮರದ ಅಟ್ಟಣೆಯಲ್ಲಿ ಇನ್ನು ನಡೆಯಲ್ಲ ಅಂತ ಆದದ್ದು ಆಗ.

ದಕ್ಕೆ ಕಟ್ಟಿದ್ದು ಸರ್ಕಾರವಾ, ಖಾಸಗಿಯವರಾ? ದುಡ್ಡು ಯಾರದು? ಪರೀಕ್ಷೆಗೆ ಓದ್ತಿದ್ದೀನಿ, ಸ್ವಲ್ಪ ಬಿಡಿಸಿ ಹೇಳಿ.
– ಮಂಡ್ಯದ ವಿದ್ಯಾರ್ಥಿನಿ

ಪರೀಕ್ಷೆಗೆ ಇದು ಬರಲ್ಲಮ್ಮ. ಆದರೂ ಕೇಳಿದ್ದೀಯಲ್ಲ, ಹೇಳ್ತೀನಿ.

ನಮ್ಮ ಹೆದ್ದಾರಿ ಇದೆಯಲ್ಲ, ಕಂಪನಿ ದುಡ್ಡು ಹಾಕಿ ಕಟ್ಟುತ್ತೆ, ಇಷ್ಟು ವರ್ಷ ಟೋಲ್ ವಸೂಲಿ ಮಾಡಿಕೊಳ್ಳುತ್ತೆ, ಆಮೇಲೆ ಸರ್ಕಾರಕ್ಕೆ ಒಪ್ಪಿಸುತ್ತೆ ಅಂತ ಕೆಲವು ಕಡೆ ಒಪ್ಪಂದ ಇರುತ್ತಲ್ವಾ? ಹೆಚ್ಚುಕಡಿಮೆ ಅದೇ ಲೆಕ್ಕ. ಆಟೊಮನ್ ಸರ್ಕಾರದ ಕೈಯಲ್ಲಿ ದುಡ್ಡಿರಲಿಲ್ಲ. ಕ್ರಿಮಿಯಾ ಯುದ್ಧದ ಕಾಲದಿಂದ ಸಾಲದ ಮೇಲೆ ಸಾಲ. 1875ರಲ್ಲಿ ಬಡ್ಡಿ ಪೂರ್ತಿ ಕಟ್ಟೋಕೆ ಆಗಲ್ಲ ಅಂತ ಕೈ ಎತ್ತಿಬಿಟ್ಟಿತು. 1881ರಲ್ಲಿ ಸಾಲ ಕೊಟ್ಟವರ ಪರವಾಗಿ ವಸೂಲಿ ಮಾಡೋಕೆ ಅಂತಲೇ ಒಂದು ಆಡಳಿತ ಇಸ್ತಾಂಬುಲ್‌ನಲ್ಲೇ ಬಂದು ಕೂತಿತು. ಇಂಥ ಸರ್ಕಾರ ಸಮುದ್ರ ತುಂಬಿಸುತ್ತಾ? ಗುತ್ತಿಗೆ ಕೊಟ್ಟಿತು.

ಇಜ್ಮಿರ್ ದಕ್ಕೆಯ ಗುತ್ತಿಗೆ 1867ರಲ್ಲಿ ಅಲ್ಲೇ ನೆಲೆಸಿದ್ದ ಮೂವರು ಇಂಗ್ಲಿಷ್ ವ್ಯಾಪಾರಿಗಳಿಗೆ ಸಿಕ್ಕಿತು. ಕಟ್ಟುವ ಕೆಲಸವನ್ನು ಅವರು ಫ್ರಾನ್ಸಿನ ಮಾರ್ಸೇ ಊರಿನ ದುಸ್ಸೋ ಸಹೋದರರಿಗೆ ವಹಿಸಿದರು. ಈ ಅಣ್ಣತಮ್ಮಂದಿರು ಸಾಮಾನ್ಯರಲ್ಲ, ಸೂಯೆಜ್ ಕಾಲುವೆಯ ಬಾಯಲ್ಲಿ ಪೋರ್ಟ್ ಸೈದ್‌ನ ಅಲೆತಡೆ ಗೋಡೆ ಕಟ್ಟಿದವರು. ಗುತ್ತಿಗೆ ಹಿಡಿದವರ ಕಂಪನಿಗೆ ದುಡ್ಡು ಸಾಲದೆ ಬಂತು. ಕೊನೆಗೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಗಳೇ, ಅಂದರೆ ದುಸ್ಸೋ ಸಹೋದರರೇ, ಕಂಪನಿಯ ಯಜಮಾನರಾದರು. 1876ರ ಹೊತ್ತಿಗೆ ಕೆಲಸ ಬಹುಪಾಲು ಮುಗಿಯಿತು. ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ನೇರವಾದ ಕಟ್ಟೆ, ಅದರ ಮೇಲೆ ಕುದುರೆ ಎಳೆಯುವ ಟ್ರಾಮಿನ ಹಳಿ, ಮಧ್ಯದಲ್ಲಿ ಸುಂಕದ ಕಟ್ಟಡ.

ಈಗ ಲಾಭದ ಲೆಕ್ಕ. ಕಂಪನಿಗೆ ಎರಡು ಕಡೆಯಿಂದ ಆದಾಯ. ಒಂದು, ದಕ್ಕೆಗೆ ಬಂದ ಸರಕಿನ ಮೇಲೆ ಶುಲ್ಕ. ಎರಡನೆಯದೇ ಮುಖ್ಯ. ಹಳೆಯ ಡೊಂಕು ದಡಕ್ಕೂ ಹೊಸ ನೇರ ಕಟ್ಟೆಗೂ ಮಧ್ಯೆ ತುಂಬಿಸಿದ ಜಾಗ ಇತ್ತಲ್ಲ, ಅದು ಕಂಪನಿಗೆ ಸೇರಿದ್ದು. ಮಾರಿಕೊಳ್ಳಬಹುದು. ಸಮುದ್ರಕ್ಕೆ ಮುಖ ಮಾಡಿದ ಸೈಟು! ಅದೇ 1867ರಲ್ಲಿ ವಿದೇಶಿಯರೂ ಆಟೊಮನ್ ನೆಲದಲ್ಲಿ ಜಮೀನು ಕೊಳ್ಳಬಹುದು ಅಂತ ಕಾನೂನೂ ಆಗಿತ್ತು. ಗುತ್ತಿಗೆ, ಕಾನೂನು ಎರಡೂ ಒಂದೇ ವರ್ಷ. ಹಡಗಿಗೋಸ್ಕರ ಕಟ್ಟಿದರು ಅಂತ ಪುಸ್ತಕದಲ್ಲಿ ಓದುತ್ತೇವೆ. ನನ್ನ ಕೇಳಿದರೆ ಅರ್ಧ ಹಡಗಿಗೆ, ಅರ್ಧ ಸೈಟಿಗೆ.

ಹಿಂಬಾಗಿಲಿಗೆ ಸಮುದ್ರ ಇದ್ದವರ ಪಾಡು ಯೋಚನೆ ಮಾಡು. ಬೆಳಗಾದರೆ ಮನೆ ಹಿಂದೆ ಅಲೆ ಬಡಿಯುತ್ತಿತ್ತು, ಈಗ ಅಲ್ಲಿ ಮಣ್ಣಿನ ಗುಡ್ಡೆ, ಅದರಾಚೆ ಬೇರೆಯವರ ಸೈಟು, ಅದರಾಚೆ ರಸ್ತೆ, ಆಮೇಲೆ ನೀರು. ಅಟ್ಟಣೆ ಹೋಯಿತು, ಕಳ್ಳ ಸಾಗಾಣಿಕೆಯೂ ಹೋಯಿತು. ಮೇಲೆ ಶುಲ್ಕ ಬೇರೆ ಕಟ್ಟಬೇಕು. ಗಲಾಟೆ ಶುರುವಾಯಿತು. ಅದರಲ್ಲೂ ಇಂಗ್ಲಿಷ್ ವ್ಯಾಪಾರಿಗಳು ಫ್ರೆಂಚ್ ಕಂಪನಿಗೆ ನಾವ್ಯಾಕೆ ಶುಲ್ಕ ಕೊಡಬೇಕು ಅಂತ ತಮ್ಮ ರಾಯಭಾರಿಯವರೆಗೂ ದೂರು ಒಯ್ದರು. ಸರ್ಕಾರಕ್ಕೆ ಮಾತ್ರ ಒಳಗೊಳಗೇ ಖುಷಿ. ಇನ್ನು ಸರಕೆಲ್ಲ ಸುಂಕದ ಕಟ್ಟಡದ ಮುಂದೆಯೇ ಹಾಯಬೇಕಲ್ಲ!

ಇಸ್ತಾಂಬುಲ್‌ನದು ಇನ್ನೂ ತಡ. 1890ರಲ್ಲಿ ಮಾರಿಯಸ್ ಮಿಶೆಲ್ ಅನ್ನೋ ಫ್ರೆಂಚ್‌ನವನಿಗೆ ಗುತ್ತಿಗೆ. ಆಟೊಮನ್ ದೀಪಸ್ತಂಭಗಳ ಗುತ್ತಿಗೆಯಲ್ಲೇ ಅವನು ಸಾಕಷ್ಟು ಮಾಡಿಕೊಂಡಿದ್ದ, ಪಾಷಾ ಅನ್ನೋ ಬಿರುದೂ ಸಿಕ್ಕಿತ್ತು. ಗಲಾಟಾ ಕಡೆಯ ದಕ್ಕೆ 1895ಕ್ಕೆ, ಎದುರಿನ ಸಿರ್ಕೆಜಿ ಕಡೆಯದು 1900ಕ್ಕೆ ಮುಗಿಯಿತು. ಅಲ್ಲೂ ಕಂಪನಿಗೂ ಸುಲ್ತಾನನಿಗೂ ತಗಾದೆ ಬಂತು. 1901ರಲ್ಲಿ ಬೇರೆ ಸಾಲದ ಜಗಳದ ಜೊತೆ ಇದೂ ಸೇರಿಕೊಂಡು ಫ್ರಾನ್ಸ್ ಯುದ್ಧನೌಕೆ ಕಳಿಸಿ ಸುಲ್ತಾನನ ಕೈಯಲ್ಲಿದ್ದ ಮಿಟಿಲಿನಿ ದ್ವೀಪದ ಸುಂಕದ ಕಟ್ಟೆಯನ್ನೇ ಹಿಡಿದುಕೊಂಡಿತು. ಗುತ್ತಿಗೆದಾರನ ಬಿಲ್ಲು ವಸೂಲಿಗೆ ಹಡಗಿನ ಸೈನ್ಯ!

ನಾನು ನಿವೃತ್ತ ಎಂಜಿನಿಯರ್. ಸಮುದ್ರದ ತಳ ಕೆಸರು. ಸಿಮೆಂಟು ಈಗಿನ ಹಾಗೆ ಸಿಗದ ಕಾಲ. ಗೋಡೆ ನಿಲ್ಲಿಸಿದ್ದು ಹೇಗೆ?
– ಸರಸ್ವತಿಪುರಂ, ಮೈಸೂರು

ಸರ್, ನೀವು ನನಗೆ ಪಾಠ ಹೇಳಬೇಕಾದವರು. ಗೊತ್ತಿರೋದಷ್ಟು ಹೇಳ್ತೀನಿ.

ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೆಯದು ಅಂತ ನಿಮಗೆ ಗೊತ್ತೇ ಇದೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು, ನೀರಲ್ಲಿದ್ದಷ್ಟೂ ಗಟ್ಟಿ. ದುಸ್ಸೋ ಸಹೋದರರ ಗುಟ್ಟೂ ಸುಣ್ಣವೇ. ಫ್ರಾನ್ಸಿನ ತೇಯ್ ಅನ್ನೋ ಜಾಗದಲ್ಲಿ ನೀರೊಳಗೇ ಗಟ್ಟಿಯಾಗುವ ಒಂದು ಸುಣ್ಣ ಸಿಗುತ್ತಿತ್ತು. ಪೋರ್ಟ್ ಸೈದ್‌ನಲ್ಲಿ ಅದನ್ನ ಮರಳಿಗೆ ಬೆರೆಸಿ, ಮರದ ಅಚ್ಚಿಗೆ ಹಾಕಿ, ದಡದಲ್ಲೇ ಬ್ಲಾಕು ಮಾಡಿದರು. ಒಂದೊಂದು ಬ್ಲಾಕು 10 ಘನ ಮೀಟರ್, ತೂಕ 20 ಟನ್ನಿಗೂ ಮೇಲೆ. ತಿಂಗಳುಗಟ್ಟಲೆ ಒಣಗಿಸಿ, ದೋಣಿ ಮೇಲೆ ಒಯ್ದು ನೀರಿಗೆ ಜಾರಿಸಿಬಿಡೋದು. ಮರಳುಗಾಡಿನ ಊರಲ್ಲಿ ಕಲ್ಲು ಸಿಗದೆ ಹುಡುಕಿಕೊಂಡ ದಾರಿ ಅದು. ಅದೇ ಅನುಭವ ಇಜ್ಮಿರ್‌ಗೂ ಬಂತು. ಮೊದಲು ಒಡ್ಡುಗಲ್ಲು ಸುರಿದು ತಳ ಕಟ್ಟಿಕೊಳ್ಳೋದು, ಅದರ ಮೇಲೆ ಬ್ಲಾಕು ಪೇರಿಸಿ ಗೋಡೆ ಎಬ್ಬಿಸೋದು, ಗೋಡೆ ನಿಂತ ಮೇಲೆ ಹಿಂದಿನ ಖಾಲಿ ಜಾಗಕ್ಕೆ ಕಲ್ಲು ಮಣ್ಣು ತುಂಬೋದು.

ಇನ್ನೊಂದು ಅನುಕೂಲ ಅವರಿಗಿತ್ತು. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ತೀರಾ ಕಡಿಮೆ, ಗೇಣು ಎರಡು ಗೇಣಿನ ಲೆಕ್ಕ. ಮುಂಬೈಯಲ್ಲಿ ಹಾಗಲ್ಲ, ಅಲ್ಲಿ ಆಳೆತ್ತರ ನೀರು ಏರಿಳಿಯುತ್ತೆ, ಗೇಟು ಹಾಕಿದ ಹೊಂಡದೊಳಗೆ ಹಡಗು ನಿಲ್ಲಿಸಬೇಕು. ಇಜ್ಮಿರ್‌ನಲ್ಲಿ ಕಟ್ಟೆ ತಗ್ಗಾಗಿದ್ದರೂ ನಡೆಯಿತು. ಕಾಫಿ ಅಂಗಡಿ ಕುರ್ಚಿಯಿಂದ ಕೈ ಚಾಚಿದರೆ ನೀರು ಸಿಗುತ್ತೆ ಅನ್ನೋ ಹಾಗೆ.

ನಮ್ಮ ಬಡಾವಣೆಯೂ ಕೆರೆ ತುಂಬಿ ಮಾಡಿದ್ದು ಅಂತ ಈಗ ಗೊತ್ತಾಗಿದೆ. ಮಳೆ ಬಂದರೆ ನೀರು ಒಳಗೆ. ಏನ್ಮಾಡೋದು?
– ಹೆಸರು, ಊರು ಬೇಡ ಅಂದಿದ್ದಾರೆ

ಇಜ್ಮಿರ್ ಬಿಡಿ, ನಿಮ್ಮದು ನನ್ನದೂ ಕಷ್ಟ. ನಾನು ಒಂದು ವರ್ಷ ಇಂಥದ್ದೇ ಮನೆಯಲ್ಲಿ ಬಾಡಿಗೆಗಿದ್ದೆ. ಜೋರು ಮಳೆ ಬಂದ ರಾತ್ರಿ ಬಚ್ಚಲಿನ ತೂತಿಂದ ನೀರು ಉಕ್ಕಿ ಅಡುಗೆಮನೆ ತನಕ ಬಂದು, ಅಕ್ಕಿ ಡಬ್ಬ ತೇಲುತ್ತಿತ್ತು. ಬೆಳಿಗ್ಗೆ ಪಕ್ಕದ ಬೀದಿಯ ಅಜ್ಜಿ ಬಾಗಿಲಲ್ಲಿ ನಿಂತು 'ಇಲ್ಲಿ ತೂಬಿತ್ತಪ್ಪ' ಅಂದರು. ಮೊದಲೇ ಹೇಳಬಾರದಿತ್ತಾ ಅಜ್ಜಿ! ಗ್ರಾಮನಕ್ಷೆ ತೆಗೆಸಿ ಕೆರೆ ಎಲ್ಲಿತ್ತು, ಕಾಲುವೆ ಎಲ್ಲಿ ಹಾದಿತ್ತು ನೋಡಿ. ಮುಂದಿನ ಮಾತು ವಕೀಲರ ಹತ್ತಿರ.

ಸಮುದ್ರ ತುಂಬೋಕೆ ಕೋಟೆ ಗೋಡೆ ಒಡೆದು ಹಾಕಿದರು ಅಂತ ಎಲ್ಲೋ ಓದಿದ್ದೆ. ಹಾಗೂ ಮಾಡ್ತಾರಾ?
– ಇತಿಹಾಸದ ಮೇಷ್ಟ್ರು, ಪಾಂಡವಪುರ

ಮಾಡಿದರು ಸರ್. ಇದು ಸಲೋನಿಕಾ ಊರಿನ ಕಥೆ, ಈಗ ಗ್ರೀಸ್‌ನ ಥೆಸಲೋನಿಕಿ. ಟರ್ಕರಿಗಿಂತ ಮೊದಲಿನ ಬೈಜಾಂಟಿಯನ್ ದೊರೆಗಳ ಕಾಲದಿಂದ ಊರ ಸುತ್ತ ಕೋಟೆ, ಸಮುದ್ರದ ಕಡೆಯೂ ಗೋಡೆ. ಊರಲ್ಲಿದ್ದು ಸಮುದ್ರ ಕಾಣಲ್ಲ! ಗಾಳಿ ಇಲ್ಲ, ಗೋಡೆ ಬುಡದಲ್ಲಿ ಕಸ. 1869ರಲ್ಲಿ ಅಲ್ಲಿಗೆ ಸಬ್ರಿ ಪಾಷಾ ಗವರ್ನರ್ ಆಗಿ ಬಂದ. ಅದಕ್ಕೆ ಮೊದಲು ಇಜ್ಮಿರ್‌ನಲ್ಲಿದ್ದವನು, ಅಲ್ಲಿನ ದಕ್ಕೆ ಕೆಲಸ ಕಣ್ಣಾರೆ ಕಂಡಿದ್ದ. ಬಂದವನೇ ಸಮುದ್ರದ ಕಡೆಯ ಗೋಡೆ ಒಡೆಸೋಕೆ ಶುರು ಮಾಡಿದ. ಒಡೆದ ಕಲ್ಲನ್ನೇ ಗೋಡೆ ಮುಂದಿನ ನೀರಿಗೆ ತುಂಬಿಸಿದ. ಸಾಗಾಣಿಕೆ ಖರ್ಚೂ ಇಲ್ಲ.

ಇಲ್ಲಿ ಇಜ್ಮಿರ್‌ಗಿಂತ ಒಂದು ವ್ಯತ್ಯಾಸ ಇದೆ, ನನಗೆ ಇದು ಇಷ್ಟ. ಕಂಪನಿಗೆ ಒಪ್ಪಿಸದೆ ಸರ್ಕಾರದವರೇ ನಿಂತು ಮಾಡಿಸಿದರು. ತುಂಬಿದ ಜಾಗ ಸೈಟು ಮಾಡಿ ಮಾರಿ, ಆ ದುಡ್ಡಲ್ಲೇ ಮುಂದಿನ ಕೆಲಸ ನಡೆಸೋದು ಅನ್ನೋ ಲೆಕ್ಕ. ಹಾಗಂತ ಬಡವರಿಗೆ ಸೈಟು ಸಿಕ್ಕಿತು ಅಂದುಕೊಳ್ಳಬೇಡಿ. ಕೊಂಡವರೆಲ್ಲ ಊರಿನ ಕುಳಗಳೇ. ಹೋಟೆಲು, ಕಾಫಿ ಅಂಗಡಿ, ದೊಡ್ಡ ಮನೆಗಳು ಸಾಲಾಗಿ ಎದ್ದವು. 1893ಕ್ಕೆ ಕುದುರೆ ಟ್ರಾಮೂ ಬಂತು. ಹಡಗಿಗೆ ಬೇಕಾದ ನಿಜವಾದ ಬಂದರು ಕೆಲಸ ಶುರುವಾದದ್ದು 1890ರ ದಶಕದ ಕೊನೆಗೆ. ಅಂದರೆ ಮೊದಲು ಸೈಟು, ಹೋಟೆಲು. ಹಡಗು ಆಮೇಲೆ.

ಗೋಡೆಯ ಮೂಲೆಯಲ್ಲಿದ್ದ ಒಂದು ದುಂಡನೆಯ ಬುರುಜು ಮಾತ್ರ ಉಳಿಯಿತು. ಅದು ಜೈಲು. ಜನ ಅದನ್ನ ರಕ್ತದ ಗೋಪುರ ಅಂತಿದ್ದರು. ಆಮೇಲೆ ಅದಕ್ಕೆ ಸುಣ್ಣ ಬಳಿದು ಬಿಳಿ ಗೋಪುರ ಅಂತ ಹೆಸರಿಟ್ಟರು. ಒಬ್ಬ ಕೈದಿ ಬಿಡುಗಡೆ ಮಾಡಿದರೆ ಪೂರ್ತಿ ಬಳಿದುಕೊಡ್ತೀನಿ ಅಂತ ಒಪ್ಪಿಕೊಂಡು ಬಳಿದ ಅನ್ನೋ ಕಥೆ ಇದೆ. ಸುಣ್ಣ ಎಂದೋ ಹೋಗಿದೆ, ಹೆಸರು ಹಾಗೇ ಇದೆ. ನಮ್ಮಲ್ಲಿ ದೊಡ್ಡಕೆರೆ ಮೈದಾನ ಅಂತೀವಲ್ಲ, ಕೆರೆ ಇಲ್ಲ, ದಸರಾ ವಸ್ತುಪ್ರದರ್ಶನ ಇದೆ. ಹಾಗೆ.

ಬೈರೂತಿನದು ಎರಡು ಮಾತಲ್ಲಿ ಹೇಳಿಬಿಡ್ತೀನಿ, ಯಾಕಂದರೆ ರಾಮನಗರದಿಂದ ಒಬ್ಬರು ರೇಷ್ಮೆ ಬಗ್ಗೆ ಕೇಳಿದ್ದಾರೆ. ಹೌದು, ಅಲ್ಲಿ ದಕ್ಕೆಯ ಹಿಂದೆ ಇದ್ದದ್ದು ರೇಷ್ಮೆಯೇ. ಲೆಬನಾನ್ ಬೆಟ್ಟದ ಮೇಲೆ ಹಿಪ್ಪುನೇರಳೆ, ಗೂಡು ಬಿಚ್ಚುವ ಕಾರ್ಖಾನೆಗಳು, ನೂಲೆಲ್ಲ ಫ್ರಾನ್ಸಿನ ಲಿಯೋನ್‌ಗೆ. 1863ರಲ್ಲಿ ಫ್ರೆಂಚ್ ಕಂಪನಿ ಬೈರೂತಿನಿಂದ ದಮಾಸ್ಕಸ್‌ಗೆ ಗಾಡಿರಸ್ತೆ ಮಾಡಿತು. 1890ರ ದಶಕದಲ್ಲಿ ಇನ್ನೊಂದು ಫ್ರೆಂಚ್ ಕಂಪನಿ ಬಂದರು ಕಟ್ಟಿತು. 1895ಕ್ಕೆ ರೈಲು.

ನಮ್ಮಪ್ಪ ಬಂಡೀಪಾಳ್ಯ ಮಾರ್ಕೆಟ್‌ನಲ್ಲಿ ಹಮಾಲಿ. ನೀವು ಕಂಪನಿ, ಪಾಷಾ ಅಂತೆಲ್ಲ ಬರೀತೀರ. ಮೂಟೆ ಹೊತ್ತವರು ಯಾರು? ಅವರ ಬಗ್ಗೆ ಬರೀರಿ.
– ಮೈಸೂರಿನ ಕಾಲೇಜು ಹುಡುಗ

ಇದನ್ನೇ ಯಾರಾದರೂ ಕೇಳಲಿ ಅಂತ ಕಾಯ್ತಿದ್ದೆ ತಮ್ಮಾ.

ಮೊದಲು ನಿಮ್ಮಪ್ಪನಿಗೆ ಒಂದು ವಿಷಯ ಹೇಳು. ಅವರು ಇಸ್ತಾಂಬುಲ್ ದಕ್ಕೆ ಮೇಲೆ ನಿಂತು 'ಹಮಾಲಿ' ಅಂತ ಕೂಗಿದರೆ ಅಲ್ಲಿನವರು ತಿರುಗಿ ನೋಡ್ತಾರೆ. ಟರ್ಕಿಯಲ್ಲಿ ಹಮಾಲ್, ನಮ್ಮಲ್ಲಿ ಹಮಾಲಿ. ಎರಡೂ ಬಂದದ್ದು ಅರಬ್ಬಿಯಿಂದ, ಹೊರೋದು ಅನ್ನೋ ಅರ್ಥದ ಮಾತಿಂದ. ಬಂದರು ಅನ್ನೋದು ಪಾರ್ಸಿ. ಸಮುದ್ರವೇ ಇಲ್ಲದ ಬಂಡೀಪಾಳ್ಯಕ್ಕೆ ಬಂದರಿನ ಮಾತು ಬಂದು ಕೂತಿದೆ ನೋಡು!

ನಿಮ್ಮಪ್ಪ ಹೆಗಲ ಮೇಲೆ ಟವೆಲ್ಲೋ ಗೋಣಿಯೋ ಹಾಕಿಕೊಳ್ತಾರಲ್ಲ. ಅಲ್ಲಿ ಹಮಾಲರ ಬೆನ್ನಿಗೆ ಸೆಮೆರ್ ಅಂತ ಒಂದು ದಿಂಬು. ತೊಗಲಿನ ಚೀಲದೊಳಗೆ ಹುಲ್ಲು ತುಂಬಿರುತ್ತೆ, ಕೆಳಭಾಗ ದಪ್ಪ, ಕತ್ತೆಗೆ ಹಾಕುವ ಜೀನಿನ ಹಾಗೆ. ಸೊಂಟ ಬಗ್ಗಿಸಿ ನಿಂತರೆ ಬೆನ್ನೇ ಒಂದು ಜಗಲಿ. ಅದರ ಮೇಲೆ ಮೂಟೆ, ಪೆಟ್ಟಿಗೆ, ಬೀರು, ಕೆಲವು ಸಲ ಪಿಯಾನೊ. ಇನ್ನೂ ಭಾರ ಇದ್ದರೆ ಉದ್ದನೆಯ ಬೊಂಬು ಹೆಗಲಿಗೆ ಕೊಟ್ಟು ನಾಲ್ಕು ಜನ, ಎಂಟು ಜನ ಒಟ್ಟಿಗೆ ಹೊರೋರು. ಗಲಾಟಾದ ಬೀದಿಗಳು ಚಾಮುಂಡಿಬೆಟ್ಟದ ಮೆಟ್ಟಿಲ ಹಾಗೆ ಕಡಿದು. ಗಾಡಿ ಹತ್ತಲ್ಲ. ಮನುಷ್ಯನೇ ಹತ್ತಬೇಕು.

ಒಂದೊಂದು ಇಳಿಗಟ್ಟೆಗೆ ಒಂದೊಂದು ಹಮಾಲರ ಗುಂಪು. ನಮ್ಮ ಕಟ್ಟೆಗೆ ಬಂದ ಸರಕು ನಾವೇ ಹೊರಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಅಪ್ಪನ ಜಾಗ ಮಗನಿಗೆ. ಊರಿಂದ ಅಣ್ಣತಮ್ಮ, ಭಾವಮೈದ ಅಂತ ಕರೆಸಿಕೊಂಡು ಒಂದೇ ಕೋಣೆಯಲ್ಲಿ ಹತ್ತು ಜನ ಮಲಗೋರು. ನೀರಿನ ಮೇಲೆ ದೋಣಿಯವರದು ಇನ್ನೊಂದು ಗುಂಪು. ಹಡಗಿಂದ ದೋಣಿಗೆ, ದೋಣಿಯಿಂದ ಕಟ್ಟೆಗೆ, ಕಟ್ಟೆಯಿಂದ ಗೋದಾಮಿಗೆ. ಮೂರು ಹಂತ, ಮೂರು ಕಡೆ ಕೂಲಿ.

ದಕ್ಕೆ ಬಂದಾಗ ಏನಾಯಿತು ಗೊತ್ತಾ? ಹಡಗೇ ಕಟ್ಟೆಗೆ ಬಂದು ಒರಗಿತು. ಮಧ್ಯದ ದೋಣಿ ಬೇಡವಾಯಿತು. ಊರು ಚೆಂದ ಆಯಿತು ಅಂತ ಪೋಸ್ಟ್‌ಕಾರ್ಡ್ ಅಚ್ಚು ಹಾಕಿದರು, ದೋಣಿಯವನ ಮನೆಯಲ್ಲಿ ಒಲೆ ಉರಿಯಲಿಲ್ಲ. ಇಸ್ತಾಂಬುಲ್‌ನ ದೋಣಿಯವರೂ ಹಮಾಲರೂ ಸುಮ್ನೆ ಕೂರಲಿಲ್ಲ. ಅರ್ಜಿ ಕೊಟ್ಟರು, ಅಡ್ಡ ನಿಂತರು, ದಕ್ಕೆ ಕಂಪನಿ ತನ್ನದೇ ಆಳು ಇಟ್ಟುಕೊಳ್ಳೋಕೆ ಹೋದರೆ ಬಿಡಲಿಲ್ಲ. ವಿಚಿತ್ರ ಅಂದರೆ ಗುತ್ತಿಗೆ ಕೊಟ್ಟ ಸರ್ಕಾರವೇ ಎಷ್ಟೋ ಸಲ ಇವರ ಪರ ವಹಿಸಿತು. ಸುಲ್ತಾನನಿಗೆ ಫ್ರೆಂಚ್ ಕಂಪನಿ ಅಂದರೆ ಭಯ, ಸಾವಿರಾರು ಗಟ್ಟಿಮುಟ್ಟಾದ ಹಮಾಲರು ಕೆಲಸವಿಲ್ಲದೆ ಬೀದಿಗಿಳಿದರೆ ಅಂತ ಇನ್ನೊಂದು ಭಯ.

ಕಹಿ ಸಂಗತಿಯೂ ಇದೆ. ಇಸ್ತಾಂಬುಲ್‌ನ ಹಮಾಲರಲ್ಲಿ ಅರ್ಮೇನಿಯನ್ನರು ಬಹಳ ಇದ್ದರು. 1896ರ ಆಗಸ್ಟ್‌ನಲ್ಲಿ ಕೆಲವು ಅರ್ಮೇನಿಯನ್ ಕ್ರಾಂತಿಕಾರಿಗಳು ಆಟೊಮನ್ ಬ್ಯಾಂಕಿಗೆ ನುಗ್ಗಿದ ಮೇಲೆ ಊರಲ್ಲಿ ಅರ್ಮೇನಿಯನ್ನರ ಕಗ್ಗೊಲೆ ನಡೆಯಿತು. ಸತ್ತವರಲ್ಲಿ ಬಡ ಹಮಾಲರೇ ಜಾಸ್ತಿ. ಉಳಿದವರಲ್ಲಿ ಅನೇಕರನ್ನ ಊರು ಬಿಡಿಸಿದರು. ಅವರ ಜಾಗಕ್ಕೆ ಕುರ್ದರು ಬಂದರು.

ಸಲೋನಿಕಾದಲ್ಲಿ ಹಮಾಲರು ಬಹುಪಾಲು ಯಹೂದಿಗಳು. ಹಮಾಲರಷ್ಟೇ ಅಲ್ಲ, ದೋಣಿಯವರು, ಮೀನಿನವರು, ವ್ಯಾಪಾರಿಗಳು ಕೂಡ. ಹಾಗಾಗಿ ಶನಿವಾರ ಬಂದರಿಗೇ ರಜ. ಯಾವ ದೇಶದ ಹಡಗಾದರೂ ಸರಿ, ಭಾನುವಾರದ ತನಕ ಕಾಯಬೇಕು. ಸುಲ್ತಾನ ಮುಸ್ಲಿಂ, ಹಡಗಿನವನು ಕ್ರೈಸ್ತ, ರಜ ಮಾತ್ರ ಹಮಾಲಿಯದು!

ಮತ್ತೆ 1908. ಆ ವರ್ಷ ಅಕ್ಟೋಬರ್‌ನಲ್ಲಿ ಹೆಸರಿಗೆ ಇನ್ನೂ ಸುಲ್ತಾನನದೇ ಆಗಿದ್ದ ಬೋಸ್ನಿಯಾವನ್ನ ಆಸ್ಟ್ರಿಯಾದವರು ತಮ್ಮ ದೇಶಕ್ಕೆ ಸೇರಿಸಿಕೊಂಡರು. ಸರ್ಕಾರಕ್ಕೆ ಯುದ್ಧ ಮಾಡೋ ತಾಕತ್ತಿರಲಿಲ್ಲ. ದಕ್ಕೆಯವರು ಆಸ್ಟ್ರಿಯಾದ ಹಡಗಿನ ಸರಕು ಇಳಿಸಲ್ಲ ಅಂದರು. ಇಸ್ತಾಂಬುಲ್, ಸಲೋನಿಕಾ, ಇಜ್ಮಿರ್, ಬೈರೂತ್, ಎಲ್ಲ ಕಡೆ ಅದೇ. ಆಗ ಎಲ್ಲರ ತಲೆ ಮೇಲಿದ್ದ ಕೆಂಪು ಟೋಪಿ ಬರುತ್ತಿದ್ದದ್ದೇ ಆಸ್ಟ್ರಿಯಾದಿಂದ. ಜನ ಅದನ್ನ ಕಿತ್ತೆಸೆದು ಬಿಳಿ ಟೋಪಿ ಹಾಕಿಕೊಂಡರು. ನಮ್ಮ ಸ್ವದೇಶಿ ಚಳವಳಿ ನಡೆಯುತ್ತಿದ್ದ ಕಾಲವೂ ಅದೇ ನೋಡು. ತಿಂಗಳುಗಟ್ಟಲೆ ಎಳೆದು, 1909ರ ಶುರುವಲ್ಲಿ ಆಸ್ಟ್ರಿಯಾ 25 ಲಕ್ಷ ಲೀರಾ ಪರಿಹಾರ ಕೊಡೋಕೆ ಒಪ್ಪಿದ ಮೇಲೆ ಮೂಟೆ ಇಳಿಯಿತು. ಆ ದುಡ್ಡು ಹೋದದ್ದು ಸರ್ಕಾರಕ್ಕೆ. ಹಮಾಲರಿಗೆ ಅಷ್ಟು ದಿನದ ಕೂಲಿ ಖೋತಾ.

ಇಜ್ಮಿರ್‌ನಲ್ಲೂ ನಮ್ಮ ದೊಡ್ಡ ಗಡಿಯಾರದ ಥರ ಒಂದಿದೆಯಂತೆ?
– ಅಗ್ರಹಾರ, ಮೈಸೂರು

ಇದೆ. ನಮ್ಮದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ಆಯಿತು ಅಂತ ಕಟ್ಟಿದ್ದು. ಅವರದು 1901ರಲ್ಲಿ, ಎರಡನೇ ಅಬ್ದುಲ್ ಹಮೀದ್ ಪಟ್ಟಕ್ಕೆ ಬಂದು 25 ವರ್ಷ ಆಯಿತು ಅಂತ ಕಟ್ಟಿದ್ದು. ಎತ್ತರ 25 ಮೀಟರ್. ಅದರ ನಕ್ಷೆ ಮಾಡಿದವನು ರೇಮೊಂ ಪೆರೆ ಅನ್ನೋ ಫ್ರೆಂಚ್‌ನವನು. ದಕ್ಕೆಯ ಒಂದು ತುದಿಗೆ, ಕೊನಾಕ್ ಚೌಕದಲ್ಲಿ ನಿಂತಿದೆ. ನಮ್ಮ ದೊಡ್ಡ ಗಡಿಯಾರದ ಕೆಳಗೆ ಕಡಲೆಕಾಯಿ ತಿನ್ನುವ ಹಾಗೆ ಅಲ್ಲಿ ಪಾರಿವಾಳಕ್ಕೆ ಕಾಳು ಹಾಕ್ತಾ ನಿಲ್ತಾರೆ.

ಸರ್, ಟರ್ಕಿಗೆ ಹೊರಟವನು ನಾನೇ. ನನ್ನಿಂದಲೇ ಇಷ್ಟೆಲ್ಲ ಆಯಿತು. ಆ ಹಳೆ ದಕ್ಕೆ ಗೋಡೆ ಈಗಲೂ ಕಾಣುತ್ತಾ? ಟಿಕೆಟ್ ಆಗಿದೆ.
– ಅದೇ ಹಳೆ ಓದುಗ, ಕುವೆಂಪುನಗರ

ಹೋಗುವ ಮೊದಲು ಒಂದು ವಿಷಯ ತಿಳಿದುಕೊಂಡು ಹೋಗಿ. 1922ರ ಸೆಪ್ಟೆಂಬರ್ 9ಕ್ಕೆ, ಅಲ್ಲಿಯ ತನಕ ಗ್ರೀಕ್ ಸೈನ್ಯದ ಕೈಯಲ್ಲಿದ್ದ ಇಜ್ಮಿರ್ ಒಳಗೆ ಟರ್ಕಿ ಸೈನ್ಯ ಬಂತು. 13ನೇ ತಾರೀಕು ಬೆಂಕಿ ಬಿತ್ತು. ಅರ್ಮೇನಿಯನ್ನರ ಕೇರಿ, ಗ್ರೀಕರ ಕೇರಿ, ಯುರೋಪಿನವರ ಬೀದಿ ಎಲ್ಲ ಸುಟ್ಟು ಬೂದಿ. ಹಿಂದೆ ಬೆಂಕಿ, ಮುಂದೆ ನೀರು. ಲಕ್ಷಗಟ್ಟಲೆ ಜನ ಈ ಕಟ್ಟೆ ಮೇಲೆ ಗಂಟುಮೂಟೆ ಹಿಡಿದು ದಿನಗಟ್ಟಲೆ ನಿಂತರು. ಎದುರಿಗೆ ದೊಡ್ಡ ದೇಶಗಳ ಯುದ್ಧಹಡಗುಗಳು ನಿಂತೇ ಇದ್ದವು. ಜನರನ್ನ ಸಾಗಿಸುವ ಹಡಗು ಸಾಲಾಗಿ ಬರೋಕೆ ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು. ಬೀರು ಅಂಗಡಿ, ನಾಟಕಶಾಲೆ, ಕ್ರೇಮರ್ ಹೋಟೆಲು ಅಂತ ಹಳೆ ಪೋಸ್ಟ್‌ಕಾರ್ಡಲ್ಲಿ ಕಾಣುವ ಸಾಲು ಇದೆಯಲ್ಲ, ಅದರಲ್ಲಿ ಬಹಳಷ್ಟು ಆಗಲೇ ಹೋಯಿತು. ಕಟ್ಟೆ ಉಳಿಯಿತು.

ಇನ್ನು ನಿಮ್ಮ ಪ್ರಶ್ನೆ. ಹಳೆ ಕಟ್ಟೆಯ ಅಂಚಲ್ಲಿ ಕಾಲು ಇಳಿಬಿಟ್ಟು ನೀರು ಮುಟ್ಟೋಣ ಅಂತ ಹೋದರೆ ಆಗಲ್ಲ. 1990ರ ದಶಕದಲ್ಲಿ ದೊಡ್ಡ ಹೆದ್ದಾರಿ ಮಾಡ್ತೀವಿ ಅಂತ ಮತ್ತೆ ಸಮುದ್ರ ತುಂಬಿಸಿದರು. ಊರಿನವರು ಕೋರ್ಟಿಗೆ ಹೋದರು, ಹೆದ್ದಾರಿ ನಿಂತಿತು. ಆದರೆ ತುಂಬಿದ ಮಣ್ಣು ವಾಪಸ್ ತೆಗೆಯೋಕಾಗುತ್ತಾ? ಹುಲ್ಲು ಹಾಕಿ ಪಾರ್ಕ್ ಮಾಡಿದರು. ಈಗ ನೀವು ನೋಡೋದು ಅದೇ ಹುಲ್ಲುಹಾಸು.

ಸಂಜೆ ಐದರ ಮೇಲೆ ಹೋಗಿ, ಸಮುದ್ರದ ಕಡೆಯಿಂದ ಇಂಬಾತ್ ಅನ್ನೋ ತಂಗಾಳಿ ಬೀಸುತ್ತೆ. ದಾರೀಲಿ ಎಳ್ಳು ಅಂಟಿಸಿದ ಬಳೆಯಂಥ ಬ್ರೆಡ್ಡು ಮಾರ್ತಿರ್ತಾರೆ, ಅಲ್ಲಿ ಗೆವ್ರೆಕ್ ಅಂತಾರೆ, ಒಂದು ತಗೊಳ್ಳಿ. ಕಟ್ಟಡಗಳ ಸಾಲಿಗೆ ಬೆನ್ನು ಹಾಕಿ ನಿಂತು ರಸ್ತೆ ದಾಟಿ. ಹುಲ್ಲು ಶುರುವಾಗುವ ಜಾಗದಲ್ಲಿ ನಿಂತುಕೊಳ್ಳಿ. ಹೆಚ್ಚುಕಡಿಮೆ ಅಲ್ಲಿಗೆ ದುಸ್ಸೋ ಸಹೋದರರ ಕಟ್ಟೆ ಮುಗಿಯುತ್ತೆ. ನಿಮ್ಮ ಬೆನ್ನ ಹಿಂದಿನ ಕಟ್ಟಡಗಳು ಕಂಪನಿ ಮಾರಿದ ಸೈಟಿನ ಮೇಲೆ. ಮುಂದಿನ ಹುಲ್ಲು ಯಾರ ಖಾತೆಯಲ್ಲೂ ಇಲ್ಲ, ಹುಡುಗರು ಫುಟ್‌ಬಾಲ್ ಆಡ್ತಿರ್ತಾರೆ. ಫೋಟೊ ತೆಗೆದು ಕಳಿಸಿ, ಜಾಗ ಇದ್ದರೆ ಹಾಕ್ತೀವಿ.